ಮಗಳ ಕಣ್ಣಿಗೆಂದು ಕೊಟ್ಟ ಹನಿ

ನನ್ನ ಬಾಯಿ ಜೋರು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಆದದ್ದಕ್ಕೆಲ್ಲ ಅದೂ ಒಂದು ಕಾರಣ. ಮಾಗಡಿ ಕಡೆಯ ನನ್ನ ತವರಿನಲ್ಲಿ ನಾವು ಐದು ಜನ ಹೆಣ್ಣುಮಕ್ಕಳು. ಕೂಗಿ ಕೇಳದಿದ್ದವಳ ತಟ್ಟೆಗೆ ಸಾರು ಬೀಳುತ್ತಿರಲಿಲ್ಲ. ಮದುವೆಯಾಗಿ ರಾಮನಗರಕ್ಕೆ ಬಂದಾಗ ಅತ್ತೆಯ ಮುಂದೆ ಒಂದಷ್ಟು ವರ್ಷ ಗಂಟಲು ಅದುಮಿಟ್ಟುಕೊಂಡಿದ್ದೆ. ಆಮೇಲೆ ಹೆದ್ದಾರಿ ಅಗಲವಾಯಿತು, ಅದರ ಎರಡೂ ಕಡೆ ಫ್ಯಾಕ್ಟರಿಗಳು ಎದ್ದವು, ನಾನು ಗಾರ್ಮೆಂಟ್ಸ್‌ಗೆ ಹೋಗಲು ಶುರು ಮಾಡಿದೆ. ಬೆಳಿಗ್ಗೆ ಏಳಕ್ಕೆ ವ್ಯಾನ್ ಹತ್ತಿ ಸಂಜೆ ಬಂದು ಇಳಿಯುವ ಸೊಸೆಯ ಮಾತಿಗೆ ಮನೆಯಲ್ಲಿ ತೂಕ ಬಂದಿತ್ತು. ಅದು ನನಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು.

ಮನೆಯ ಹಿಂದೆ ಶೀಟು ಹೊದಿಸಿದ ಶೆಡ್ಡು. ಅದರಲ್ಲಿ ರೇಷ್ಮೆ ನೂಲು ತೆಗೆಯುವ ಮೂರು ಬೇಸಿನ್ನುಗಳಿದ್ದವು. ಗೂಡುಗಳನ್ನು ಕುದಿಯುವ ನೀರಿಗೆ ಹಾಕಿ, ಮೆತ್ತಗಾದ ಮೇಲೆ ಒಂದೊಂದರ ಎಳೆಯ ತುದಿ ಹುಡುಕಿ ಎತ್ತಬೇಕು. ತಲೆಗೂದಲು ಅದರ ಮುಂದೆ ಹಗ್ಗ. ಅತ್ತೆ ಸಾತನೂರು ಕಡೆಯವರು, ಹುಳ ಸಾಕುವ ಮನೆಯಲ್ಲಿ ಬೆಳೆದವರು. ದಪ್ಪ ಗಾಜಿನ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಅವರು ಬೇಸಿನ್ನಿನ ಮುಂದೆ ಕೂತರೆ, ಕೂಲಿಗೆ ಬರುತ್ತಿದ್ದ ಇಬ್ಬರು ಹೆಂಗಸರು ಎತ್ತುವಷ್ಟು ಎಳೆಯನ್ನು ಒಬ್ಬರೇ ಎತ್ತುತ್ತಿದ್ದರು. ಮನೆ ನಡೆಯುತ್ತಿದ್ದದ್ದು ನನ್ನ ಸಂಬಳದಿಂದ ಎಂದು ನಾನು ಅಂದುಕೊಂಡಿದ್ದೆ. ಶೆಡ್ಡು ನಡೆಯುತ್ತಿದ್ದದ್ದು ಮಾತ್ರ ಅವರ ಕಣ್ಣಿನಿಂದ.

ಸೌದೆಯ ಹೊಗೆ, ನೀರಿನ ಆವಿ, ಗೂಡಿನೊಳಗೆ ಬೆಂದ ಹುಳದ ವಾಸನೆ. ಅಲ್ಲಿ ಕೂತವರ ಕಣ್ಣು ಯಾವಾಗಲೂ ಕೆಂಪು. ನಮ್ಮಲ್ಲಿ ಮಾತ್ರವಲ್ಲ, ನೂಲು ತೆಗೆಯುವ ಅಕ್ಕಪಕ್ಕದ ಮನೆಗಳಲ್ಲೂ ಒಂದು ಅಭ್ಯಾಸವಿತ್ತು. ಬೇಸಿನ್ನಿನ ಪಕ್ಕದ ಗೋಡೆಗೂಡಿನಲ್ಲಿ ಬೆಂಕಿಪೊಟ್ಟಣದ ಜೊತೆ ಕಣ್ಣಿನ ಔಷಧಿಯ ಒಂದು ಬಾಟ್ಲಿ. ಅದು ಯಾರದೂ ಅಲ್ಲ, ಎಲ್ಲರದು. ಕಣ್ಣು ಉರಿದವರು ತಲೆ ಹಿಂದಕ್ಕೆ ಹಾಕಿ ಎರಡು ಹನಿ ಬಿಟ್ಟುಕೊಂಡು ಪಕ್ಕದವರಿಗೆ ದಾಟಿಸುವುದು. ಮೆಡಿಕಲ್ ಸ್ಟೋರಿನವನು ಯಾವುದು ಕೊಟ್ಟರೆ ಅದು. ಕಣ್ಣಿನ ಔಷಧಿಯಲ್ಲಿ ಬೇರೆ ಬೇರೆ ಜಾತಿ ಇರುತ್ತದೆಂದು ಆ ಶೆಡ್ಡಿನಲ್ಲಿ ಯಾರೂ ತಲೆ ಕೆಡಿಸಿಕೊಂಡವರಲ್ಲ.

ಆಗ ನನ್ನ ಮಗಳು ಎರಡನೇ ಕ್ಲಾಸು. ಅವಳ ಎಡಗಣ್ಣು ಮೂಗಿನ ಕಡೆಗೆ ಎಳೆಯುತ್ತಿತ್ತು. ಸ್ಕೂಲಿನಲ್ಲಿ ಮೆಳ್ಳೆಗಣ್ಣಿ ಎಂದು ಕರೆಯಲು ಶುರು ಮಾಡಿದ್ದರು. ಫ್ಯಾಕ್ಟರಿಯಲ್ಲಿ ಜಗಳವಾಡಿ ಒಂದು ದಿನ ರಜೆ ತೆಗೆದುಕೊಂಡು ಬೆಂಗಳೂರಿನ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ಸರಿಯಾದ ನಂಬರಿನ ಕನ್ನಡಕ ಹಾಕಿದರೆ ಕಣ್ಣು ನೆಟ್ಟಗಾಗಬಹುದು, ಆದರೆ ಇಷ್ಟು ಚಿಕ್ಕ ಮಗುವಿನ ನಂಬರು ಸುಮ್ಮನೆ ನೋಡಿದರೆ ಸಿಗುವುದಿಲ್ಲ, ಮೂರು ದಿನ ಮನೆಯಲ್ಲೇ ಹನಿ ಹಾಕಿ ಕಣ್ಣಿನ ಪಾಪೆ ಅಗಲ ಮಾಡಿಕೊಂಡು ಸೋಮವಾರ ಬನ್ನಿ ಎಂದರು. ಬಿಳಿ ಪ್ಲಾಸ್ಟಿಕ್ಕಿನ ಹೆಬ್ಬೆರಳುದ್ದದ ಬಾಟ್ಲಿಯನ್ನು ನನ್ನ ಕೈಗೆ ಕೊಡುವ ಮೊದಲು ಅಲ್ಲಿನ ನರ್ಸು ನನ್ನನ್ನು ಎದುರಿಗೆ ಕೂರಿಸಿಕೊಂಡರು.

"ನೋಡಮ್ಮ, ಇದು ಕಣ್ಣು ಉರಿಗೆ ಹಾಕೋ ಔಷಧಿ ಅಲ್ಲ. ಒಂದು ಕಣ್ಣಿಗೆ ಒಂದೇ ಹನಿ, ದಿನಕ್ಕೆ ಎರಡೇ ಸಲ. ಹಾಕಿದ ತಕ್ಷಣ ಮೂಗಿನ ಪಕ್ಕ, ಇಲ್ಲಿ, ಕಣ್ಣಿನ ಮೂಲೇನ ಎರಡು ನಿಮಿಷ ಒತ್ತಿ ಹಿಡೀಬೇಕು. ಇಲ್ಲಾಂದ್ರೆ ಗಂಟಲಿಗೆ ಇಳಿದು ಮೈಗೆಲ್ಲ ಸೇರುತ್ತೆ. ಆಮೇಲೆ ಕೈ ತೊಳ್ಕೋಬೇಕು. ಮಗು ಮುಖ ಕೆಂಪಾದ್ರೆ, ಜ್ವರ ಬಂದ್ರೆ, ಏನೇನೋ ಬಡಬಡಿಸಿದ್ರೆ ನಿಲ್ಲಿಸಿ ಕರ್ಕೊಂಡು ಬನ್ನಿ. ಮನೇಲಿ ಬೇರೆ ಯಾರೂ ಇದನ್ನ ಮುಟ್ಟಬಾರ್ದು."

ಬಸ್ಸಿನಲ್ಲಿ ಬರುವಷ್ಟು ಹೊತ್ತೂ ಅದನ್ನೇ ಬಾಯಿಪಾಠ ಮಾಡಿಕೊಂಡೆ. ಮನೆಗೆ ಬಂದವಳೇ ಎಲ್ಲರನ್ನೂ ನಡುಮನೆಗೆ ಕರೆದೆ. ಎಲ್ಲರೂ ಅಂದರೆ ಗಂಡ, ಅತ್ತೆ, ಮಗಳು. ಬಾಟ್ಲಿ ಎತ್ತಿ ಹಿಡಿದು, "ಇದನ್ನ ಬೀರು ಮೇಲೆ ಮಡಗ್ತೀನಿ. ನಾನಲ್ದೆ ಯಾರೂ ಮುಟ್ಟಂಗಿಲ್ಲ. ಮುಟ್ಟಿದ್ರೋ, ಕೈ ಮುರೀತೀನಿ" ಎಂದೆ. ಗಂಡ ನಕ್ಕ. ಅತ್ತೆ, "ಆಯ್ತು ಕಣವ್ವ, ಯಾರ್ ಮುಟ್ಟಾರು" ಎಂದರು. ಯಾಕೆ ಮುಟ್ಟಬಾರದೆಂದು ನಾನು ಹೇಳಲಿಲ್ಲ. ನರ್ಸು ಎದುರಿಗೆ ಕೂರಿಸಿಕೊಂಡು ಹೇಳಿದ್ದನ್ನು ನಾನು ಕೂರಿಸಿಕೊಂಡು ಹೇಳಲಿಲ್ಲ. ಹೆದರಿಸಿದರೆ ಸಾಕು ಎಂದುಕೊಂಡೆ.

ಶುಕ್ರವಾರ ಬೆಳಿಗ್ಗೆ ಮೊದಲ ಹನಿ. ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೆಳರೆಪ್ಪೆ ಎಳೆದು ಹನಿ ಬಿಟ್ಟೆ, ಮೂಲೆ ಒತ್ತಿ ನೂರಿಪ್ಪತ್ತರವರೆಗೆ ಎಣಿಸಿದೆ. ವ್ಯಾನಿನವನು ಹಾರ್ನ್ ಹೊಡೆಯುತ್ತಲೇ ಇದ್ದ. ಅಂದು ಫ್ಯಾಕ್ಟರಿಯಲ್ಲಿ ಶರ್ಟಿನ ಕಾಲರುಗಳನ್ನು ಚೆಕ್ ಮಾಡುತ್ತಿದ್ದರೂ ಮನಸ್ಸೆಲ್ಲ ಮನೆಯಲ್ಲೇ. ಸಂಜೆ ಬಂದವಳೇ ಮಗಳನ್ನು ದೀಪದ ಕೆಳಗೆ ಕರೆದು ಕಣ್ಣು ನೋಡಿದೆ. ಕಣ್ಣಿನ ಕಂದುಬಣ್ಣವೇ ಇಲ್ಲ. ನಡುವಿನ ಕಪ್ಪು ಅಂಚಿನವರೆಗೂ ಹರಡಿತ್ತು. "ಅವ್ವ, ಪುಸ್ತಕ ಎಲ್ಲ ಮಸುಕು ಮಸುಕು" ಎಂದಳು. ಕೆನ್ನೆ ಮುಟ್ಟಿದರೆ ಬಿಸಿ ಅನ್ನಿಸಿತು. ಥರ್ಮಾಮೀಟರ್ ಇಟ್ಟು ನೋಡಿದೆ, ಜ್ವರವಿಲ್ಲ. ಹತ್ತು ನಿಮಿಷ ಬಿಟ್ಟು ಮತ್ತೆ ಇಟ್ಟೆ. ಮೂರು ದಿನ ಹೀಗೇ. ಅವಳು ನೀರು ಕೇಳಿದರೆ ಬಾಯಿ ಒಣಗಿತೇ ಎಂದು ಭಯ, ನಿದ್ದೆಯಲ್ಲಿ ಮುಲುಗಿದರೆ ಬಡಬಡಿಸಿದಳೇ ಎಂದು ಭಯ. ಮನೆಯವರೆಲ್ಲ ಆ ಮಗುವಿನ ಮುಖವನ್ನೇ ಕಾಯುತ್ತಿದ್ದೆವು. ಮತ್ತೊಂದು ಮುಖವನ್ನು ಯಾರೂ ನೋಡಲಿಲ್ಲ.

ಶನಿವಾರ ಸಂಜೆ ಗಂಡ, "ಅವ್ವಂಗೆ ಇವತ್ತು ಎಳೆನೇ ಸಿಕ್ತಿಲ್ಲ ಕಣಮ್ಮಿ. ಗೂಡೆಲ್ಲ ಬೆಂದು ಹಾಳಾದ್ವು" ಎಂದ. "ವಯಸ್ಸಾಯ್ತು, ಇನ್ನೇನು" ಎಂದೆ. ಬಾಟ್ಲಿ ತೆಗೆಯಲು ಬೀರುವಿನ ಮೇಲೆ ಕೈ ಹಾಕಿದೆ. ಮುಚ್ಚಳ ಸಡಿಲವಾಗಿತ್ತು. ನಾನು ಬೆರಳು ನೋಯುವಷ್ಟು ಬಿಗಿಯಾಗಿ ತಿರುಗಿಸಿ ಇಡುವವಳು. ತಲೆಗೆ ಕೋಪ ಏರಿತು. ಮಗಳೇ ಸ್ಟೂಲು ಹತ್ತಿ ಆಡಿರಬೇಕು ಎಂದುಕೊಂಡು ಅವಳ ಬೆನ್ನಿಗೆ ಒಂದು ಬಿಟ್ಟೆ. ಅವಳು ನಾನಲ್ಲ ನಾನಲ್ಲ ಎಂದು ಅತ್ತಳು. ಗಂಡನ ಮೇಲೆ ಹರಿಹಾಯ್ದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅತ್ತೆ ಒಲೆಯ ಮುಂದೆ ಕೂತು ಮುದ್ದೆ ತಿರುವುತ್ತಿದ್ದರು. ತಿರುಗಿ ನೋಡಲಿಲ್ಲ, ಮಧ್ಯೆ ಬಂದು ಮೊಮ್ಮಗಳನ್ನು ಬಿಡಿಸಿಕೊಳ್ಳಲೂ ಇಲ್ಲ. ಸಾಮಾನ್ಯವಾಗಿ ಬಿಡಿಸಿಕೊಳ್ಳುತ್ತಿದ್ದರು.

ಭಾನುವಾರ ನನಗೆ ರಜೆ. ಗಂಡ ಗೂಡು ತರಲು ಬೆಳಿಗ್ಗೆಯೇ ಮಾರ್ಕೆಟ್ಟಿಗೆ ಹೋಗಿದ್ದ. ಎಂಟಾದರೂ ಅತ್ತೆ ಏಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿ, ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಂಡಿದ್ದರು.

"ಯಾಕತ್ತೆ, ಏನಾಯ್ತು?"

"ತಲೆ ಕಣವ್ವ. ಒಂದು ಕಡೆ ಸಿಡೀತದೆ. ಪಿತ್ತ ಇರ್ಬೇಕು."

ನಿಂಬೆಹಣ್ಣು ಹಿಂಡಿ ಕೊಟ್ಟೆ. ಕುಡಿದ ಐದು ನಿಮಿಷಕ್ಕೆ ವಾಂತಿ. ಹಣೆಗೆ ಬಟ್ಟೆ ಬಿಗಿದು ಕಟ್ಟಿದೆ. ಕಿಟಕಿ ಮುಚ್ಚು, ಬೆಳಕು ಚುಚ್ಚುತ್ತದೆ ಎಂದರು. ಮುಚ್ಚಿದೆ. ಇಷ್ಟನ್ನೂ ಮಾಡಿದೆ, ಆದರೆ ಕಿವಿ ಮಾತ್ರ ಹೊರಗೆ ಆಡುತ್ತಿದ್ದ ಮಗಳ ಕಡೆಗೇ. ಕೊನೆಯ ದಿನದ ಹನಿ ಹಾಕಿದ್ದೆ. ಬಿಸಿಲಿಗೆ ಹೋಗಬೇಡ ಎಂದು ಎರಡು ಸಲ ಕೂಗಿದೆ. ಅವಳಿಗೆ ಸ್ನಾನ ಮಾಡಿಸಿದೆ. ಒಳಗೆ ಅತ್ತೆ ಮತ್ತೆರಡು ಸಲ ವಾಂತಿ ಮಾಡಿದರು. ರಾತ್ರಿಯ ಮುದ್ದೆ ಅರಗಲಿಲ್ಲವೇನೋ ಎಂದು ತಮಾಷೆಯನ್ನೂ ಮಾಡಿದೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಮಧ್ಯಾಹ್ನ ಒಂದು ಗಂಟೆಗೆ ಗಂಜಿ ಮಾಡಿ ತಂದೆ. ಎಬ್ಬಿಸಿ ಗೋಡೆಗೆ ಒರಗಿಸಿ ಕೂರಿಸಿದೆ. ಲೋಟ ಚಾಚಿದೆ. ಅವರ ಕೈ ಲೋಟದ ಪಕ್ಕದ ಗಾಳಿಯನ್ನು ಹಿಡಿಯಿತು. ಮತ್ತೆ ಚಾಚಿದರು, ಮತ್ತೆ ತಪ್ಪಿತು.

ಗಂಜಿ ಕೆಳಗಿಟ್ಟು ಅವರ ಮುಖದ ಮೇಲಿನ ಸೆರಗನ್ನು ಎಳೆದೆ. ಬಲಗಣ್ಣು ರಕ್ತ ತುಂಬಿದಂತೆ ಕೆಂಪಾಗಿತ್ತು, ಕರಿಯ ಭಾಗದ ಮೇಲೆ ಹಬೆ ಹಿಡಿದ ಗಾಜಿನ ಮಸುಕು. ಎಡಗಣ್ಣು ಅಷ್ಟು ಕೆಂಪಿರಲಿಲ್ಲ. ಅದರೊಳಗೆ ಕಂದುಬಣ್ಣವೇ ಇರಲಿಲ್ಲ. ಅಂಚಿನವರೆಗೂ ಕಪ್ಪು. ಮೂರು ದಿನದಿಂದ ಆ ಕಪ್ಪನ್ನು ನಾನು ಮಗಳ ಕಣ್ಣಿನಲ್ಲಿ ನೋಡುತ್ತಿದ್ದೆ. ಯಾರೂ ಹೇಳಿಕೊಡಬೇಕಿರಲಿಲ್ಲ.

"ಅತ್ತೆ, ಮಗೀನ್ ಔಷಧಿ ಬುಟ್ಕೊಂಡ್ರಾ?"

"ಇಲ್ಲ ಕಣವ್ವ."

"ನಿಜ ಯೋಳಿ."

"ದೇವರಾಣೆಗೂ ಇಲ್ಲ."

ನಾನು ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ. ಅವರು ಸೆರಗನ್ನು ಮತ್ತೆ ಮುಖಕ್ಕೆ ಎಳೆದುಕೊಂಡರು. ಶೆಡ್ಡಿಗೆ ಓಡಿ ಗೋಡೆಗೂಡಿನಲ್ಲಿದ್ದ ಬಾಟ್ಲಿ ನೋಡಿದೆ. ಖಾಲಿ, ಒಣಗಿ ಯಾವ ಕಾಲವಾಗಿತ್ತೋ. ಇದಕ್ಕಿಂತ ಹೆಚ್ಚಿನ ಸಾಕ್ಷಿ ನನಗೆ ಬೇಕಿರಲಿಲ್ಲ.

ಭಾನುವಾರ ನಮ್ಮ ಬೀದಿಯ ಡಾಕ್ಟರ ಬಾಗಿಲು ಹಾಕಿತ್ತು. ಮೆಡಿಕಲ್ ಸ್ಟೋರಿನವನು ನಾನು ಹೇಳಿದ್ದನ್ನು ಪೂರ್ತಿ ಕೇಳದೆಯೇ, "ಅಕ್ಕಾ, ಇಲ್ಲಿ ನಿಲ್ಬೇಡಿ, ಬೆಂಗಳೂರಿಗೆ ಹೊಂಟುಬುಡಿ" ಎಂದ. ಅಷ್ಟರಲ್ಲಿ ಗಂಡ ಗೂಡಿನ ಮೂಟೆಗಳ ಜೊತೆ ಬಾಡಿಗೆ ಟೆಂಪೋದಲ್ಲಿ ಬಂದ. ಮೂಟೆಗಳನ್ನು ಬೀದಿಯಲ್ಲೇ ಇಳಿಸಿ, ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಅತ್ತೆಯನ್ನು ಹತ್ತಿಸಿದೆವು. ಮುಂದೆ ಜಾಗವಿರಲಿಲ್ಲ. ಹಿಂದೆ ಚಾಪೆ ಹಾಸಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಹೊರಡುವ ಮೊದಲು ಬೀರುವಿನ ಮೇಲಿನ ಬಾಟ್ಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದೆ.

ರಸ್ತೆ ಕೆಲಸ ಅರ್ಧ ಮುಗಿದು ಅರ್ಧ ಉಳಿದಿದ್ದ ಕಾಲ. ಬಿಡದಿ ಹತ್ತಿರ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಮೇಲೆ ಬಿಸಿಲು. ನನ್ನ ಸೀರೆಯನ್ನೇ ಅವರ ಮುಖದ ಮೇಲೆ ಗುಡಾರದಂತೆ ಹಿಡಿದಿದ್ದೆ. ಟೆಂಪೋ ಗುಂಡಿಗೆ ಇಳಿದಾಗಲೆಲ್ಲ ಅವರು ಹಲ್ಲು ಕಚ್ಚುತ್ತಿದ್ದರು, ಅಯ್ಯೋ ಎನ್ನುತ್ತಿರಲಿಲ್ಲ. ನಾನು ಬಗ್ಗಿ ಅವರ ಕಿವಿಯ ಹತ್ತಿರ ಕೇಳಿದೆ, "ಎಷ್ಟು ಸಲ ಬುಟ್ಕೊಂಡ್ರಿ ಅತ್ತೆ? ಯೋಳಿ, ನಾನೇನೂ ಅನ್ನಾಕಿಲ್ಲ." ಅವರು ತಲೆಯನ್ನು ಇಲ್ಲ ಎಂದು ಆಡಿಸಿದರು. ಅಷ್ಟು ನೋವಿನಲ್ಲೂ ಆಡಿಸಿದರು. ಅವರ ಕಣ್ಣು ಹೋಗುತ್ತಿದೆ, ಆ ಕಣ್ಣು ಹೋಗದಂತೆ ತಡೆಯಲು ಬೇಕಾದ ಒಂದು ಮಾತು ಅವರ ಬಾಯಿಂದ ಬರುತ್ತಿಲ್ಲ. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂತು.

ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದವರು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಮೊದಲು ಬಲಗಣ್ಣನ್ನು ರೆಪ್ಪೆಯ ಮೇಲಿನಿಂದ ಬೆರಳಲ್ಲಿ ಮುಟ್ಟಿದವರು ಕಲ್ಲು ಮುಟ್ಟಿದಂತೆ ಮುಖ ಬಿಗಿ ಮಾಡಿದರು. ಆಮೇಲೆ ಮಿಷನ್ನಿಗೆ ಗಲ್ಲ ಇಡಿಸಿ ನೋಡಿದರು.

"ಏನಾದ್ರೂ ಹನಿ ಹಾಕಿದ್ರಾ ಅಜ್ಜಿ?"

"ಇಲ್ಲ ಕಣಮ್ಮ."

ನಾನು ಗಂಟು ಬಿಚ್ಚಿ ಬಾಟ್ಲಿಯನ್ನು ಮೇಜಿನ ಮೇಲಿಟ್ಟೆ. "ಇದು. ನನ್ನ ಮಗೀಗೆ ಕೊಟ್ಟಿದ್ದು. ಇದನ್ನೇ ಬುಟ್ಕೊಂಡವ್ರೆ."

ಡಾಕ್ಟರಮ್ಮ ಬಾಟ್ಲಿ ತಿರುಗಿಸಿ ಓದಿದರು. "ಅಜ್ಜಿ, ಇದರ ಶಕ್ತಿ ಇಳಿಯೋಕೆ ದಿನಗಟ್ಟಲೆ ಬೇಕು. ಯಾವಾಗ ಹಾಕಿದ್ರಿ, ಎಷ್ಟು ಸಲ, ಅದು ನನಗೆ ಗೊತ್ತಾಗಲೇಬೇಕು. ಆ ಇನ್ನೊಂದು ಕಣ್ಣನ್ನಾದ್ರೂ ಉಳಿಸ್ಬೇಕು."

ಇನ್ನೊಂದು ಕಣ್ಣನ್ನಾದರೂ. ಅತ್ತೆ ಮತ್ತೆ ಇಲ್ಲವೆಂದು ತಲೆಯಾಡಿಸಿದರು. "ಯೋಳಿ ಅತ್ತೆ!" ಎಂದೆ. ಕೂಗಿಬಿಟ್ಟಿದ್ದೆ. ಕಾರಿಡಾರಿನಲ್ಲಿದ್ದವರು ಒಳಗೆ ಇಣುಕಿದರು. ಅತ್ತೆಯ ಭುಜ ಕುಗ್ಗಿತು. ಡಾಕ್ಟರಮ್ಮ ಅವರನ್ನು ನೋಡಿದರು, ನನ್ನನ್ನು ನೋಡಿದರು. "ನೀವು ಸ್ವಲ್ಪ ಹೊರಗಿರಿ" ಎಂದರು.

ಹೊರಗೆ ಬೆಂಚಿನ ಮೇಲೆ ಗಂಡನ ಪಕ್ಕ ಕೂತೆ. ಬಾಗಿಲು ಮುಚ್ಚಿತು. ಒಂದು ನಿಮಿಷ ಕೂಡ ಆಗಿರಲಿಕ್ಕಿಲ್ಲ. ಡಾಕ್ಟರಮ್ಮ ಹೊರಬಂದು ನರ್ಸಿಗೆ ಇಂಜೆಕ್ಷನ್ನು, ಡ್ರಿಪ್ಪು ಎಂದು ಗಡಿಬಿಡಿಯಲ್ಲಿ ಹೇಳಿ ನನ್ನ ಮುಂದೆ ನಿಂತರು.

"ಶುಕ್ರವಾರದಿಂದ. ದಿನಕ್ಕೆ ಎರಡು ಮೂರು ಸಲ, ಎರಡೂ ಕಣ್ಣಿಗೆ. ಇವತ್ತು ಬೆಳಿಗ್ಗೆ ನೋವು ಶುರುವಾದ ಮೇಲೂ ಹಾಕ್ಕೊಂಡಿದ್ದಾರೆ, ನೋವಿಗೆ ಆಗುತ್ತೆ ಅಂತ. ನೀವು ಮಗುಗೆ ಸ್ನಾನ ಮಾಡಿಸೋವಾಗ ಇನ್ನೊಂದು ಸಲ." ಬಾಗಿಲ ಕಡೆ ತಿರುಗಿ ನೋಡಿ ದನಿ ತಗ್ಗಿಸಿದರು. "ನಿಮಗೆ ಹೇಳ್ಬೇಡಿ ಅಂತ ನನ್ನ ಕೈ ಹಿಡ್ಕೊಂಡ್ರು. ಆದರೆ ನಾಳೆಯಿಂದ ಔಷಧಿ ಹಾಕೋರು ನೀವು. ನಿಮಗೆ ಗೊತ್ತಿರಬೇಕು."

ಅವರೇ ಆಮೇಲೆ ವಿವರಿಸಿದರು. ಕೆಲವರ ಕಣ್ಣಿನೊಳಗೆ ಜಾಗ ಇಕ್ಕಟ್ಟಂತೆ, ಅಂಥ ದಪ್ಪ ಕನ್ನಡಕ ಹಾಕುವ ವಯಸ್ಸಾದವರಲ್ಲಿ ಹೆಚ್ಚಂತೆ. ಪಾಪೆ ಅಗಲವಾದಾಗ ಕಣ್ಣಿನೊಳಗಿನ ನೀರು ಹರಿದುಹೋಗುವ ದಾರಿ ಮುಚ್ಚಿಕೊಂಡು ಒತ್ತಡ ಏರುತ್ತದಂತೆ. ಬೇಗ ಬಂದಷ್ಟೂ ಒಳ್ಳೆಯದು, ಬೆಳಿಗ್ಗೆಯೇ ಬಂದಿದ್ದರೆ ಎಂದು ಹೇಳಲು ಹೊರಟು ನಿಲ್ಲಿಸಿದರು. ಆ ನಿಲ್ಲಿಸಿದ ಮಾತು ನನ್ನೊಳಗೆ ಈಗಲೂ ಇದೆ.

ಎಡಗಣ್ಣು ಉಳಿಯಿತು. ಅದಕ್ಕೆ ಲೇಸರಿನಲ್ಲಿ ಸಣ್ಣ ದಾರಿ ಮಾಡಿದರು. ಬಲಗಣ್ಣಿನಲ್ಲಿ ಬೆಳಕು ಯಾವುದು, ಕತ್ತಲೆ ಯಾವುದು ಎನ್ನುವಷ್ಟು ಮಾತ್ರ ಉಳಿಯಿತು. ಮಗಳ ಕಣ್ಣಿನ ಪರೀಕ್ಷೆ ಒಂದು ವಾರ ತಡವಾಗಿ ಆಯಿತು, ಅವಳಿಗೆ ಕನ್ನಡಕ ಬಂತು, ಕಣ್ಣು ನಿಧಾನಕ್ಕೆ ನೆಟ್ಟಗಾಯಿತು. ಶೆಡ್ಡಿನಲ್ಲಿ ಅತ್ತೆಯ ಬೇಸಿನ್ನಿಗೆ ಬೇರೆ ಹೆಂಗಸು ಬಂದಳು. ಅತ್ತೆ ಪಕ್ಕದಲ್ಲಿ ಕೂತು ಕೊಳೆತ ಗೂಡುಗಳನ್ನು ಬೆರಳಲ್ಲಿ ಹಿಸುಕಿ ನೋಡಿ ಬೇರೆ ಮಾಡುತ್ತಿದ್ದರು.

ಒಂದು ದಿನ ತಲೆ ಬಾಚುತ್ತಾ ಕೇಳಿದೆ. "ಯಾಕತ್ತೆ ಬುಟ್ಕೊಂಡ್ರಿ?"

"ಶೆಡ್ಡಿಂದು ಮುಗ್ದೋಗಿತ್ತು. ಕಣ್ಣು ಉರೀತಿತ್ತು. ದೊಡ್ಡಾಸ್ಪತ್ರೇದು, ಒಳ್ಳೇದಿರ್ಬೇಕು ಅಂದ್ಕೊಂಡೆ."

"ಬೆಳಿಗ್ಗೆ ನಾನು ಕೇಳ್ದಾಗಾದ್ರೂ ಯೋಳ್ಬೋದಿತ್ತಲ್ಲ?"

"ನೀನು ಬೈತೀಯ ಅಂತ" ಎಂದರು. ಅಷ್ಟೇ. ಇದರಲ್ಲಿ ಕೇಳುವುದೇನಿದೆ ಎನ್ನುವ ಹಾಗೆ.

ಉಳಿದ ಕಣ್ಣಿಗೆ ಒತ್ತಡ ಏರದಂತೆ ದಿನಾ ಎರಡು ಸಲ ಬೇರೆ ಹನಿ ಹಾಕಬೇಕು, ತಪ್ಪಿಸಬಾರದು ಎಂದಿದ್ದರು. ನಾನೇ ಹಾಕುತ್ತಿದ್ದೆ, ವ್ಯಾನ್ ಹತ್ತುವ ಮೊದಲು ಒಮ್ಮೆ, ಇಳಿದ ಮೇಲೆ ಒಮ್ಮೆ. ಆರು ತಿಂಗಳು ಕಳೆದಿರಬೇಕು. ತಂಗಿಯ ಮದುವೆ ಮಾತುಕತೆಗೆಂದು ಎರಡು ದಿನ ಮಾಗಡಿಗೆ ಹೋದೆ. ಗಂಡನಿಗೆ ಹೇಳಿ ಹೋಗಿದ್ದೆ. ಅವನು ಗೂಡು ಹುಡುಕಿಕೊಂಡು ಕನಕಪುರಕ್ಕೆ ಹೋದವನು ಪೂರಾ ಮರೆತಿದ್ದ. ನಾನು ಬಂದು ಕೇಳಿದರೆ ಎರಡು ದಿನದಿಂದ ಹನಿ ಬಿದ್ದಿಲ್ಲ. ಬಾಟ್ಲಿ ಅತ್ತೆ ಮಲಗುವ ಜಾಗದ ಪಕ್ಕದ ಕಿಟಕಿಯಲ್ಲಿತ್ತು. ಕೈ ಚಾಚಿದರೆ ಸಿಗುತ್ತಿತ್ತು.

"ಅತ್ತೆ, ಇಲ್ಲೇ ಐತಲ್ಲ! ನೀವೇ ಬುಟ್ಕೋಬಾರ್ದಾ?"

"ನೀನು ಮುಟ್ಟು ಅಂದಿರ್ಲಿಲ್ವಲ್ಲ ಮಗ."

ಇದ್ದ ಒಂದು ಕಣ್ಣನ್ನೂ ನನ್ನ ಅಪ್ಪಣೆಗೆ ಕಾಯಿಸುತ್ತಾ ಕೂತಿದ್ದರು ಆ ಹೆಂಗಸು. ಎದುರಿಗೆ ಕೂತೆ, ನರ್ಸು ನನ್ನೆದುರು ಕೂತಿದ್ದ ಹಾಗೆ ಕೂತೆ. ಬಾಟ್ಲಿಯನ್ನು ಅವರ ಅಂಗೈಗೆ ಇಟ್ಟೆ. ಇದು ನಿಮ್ಮದು, ಬೇರೆ ಯಾರದ್ದೂ ಅಲ್ಲ ಎಂದೆ. ಯಾಕೆ ಹಾಕಬೇಕು, ಬಿಟ್ಟರೆ ಏನಾಗುತ್ತದೆ, ಎಲ್ಲವನ್ನೂ ಮೆಲ್ಲಗೆ ಹೇಳಿದೆ. ಕೈ ತೊಳೆಸಿದೆ. ರೆಪ್ಪೆ ಹೇಗೆ ಎಳೆಯುವುದು, ಬಾಟ್ಲಿಯ ಮೂತಿ ಕಣ್ಣಿಗೆ ತಾಗದಂತೆ ಹೇಗೆ ಹಿಡಿಯುವುದು, ಮೂಲೆ ಎಲ್ಲಿ ಒತ್ತುವುದು ಎಂದು ಅವರ ಬೆರಳನ್ನೇ ಹಿಡಿದು ತೋರಿಸಿದೆ. ಅವರು ಎಲ್ಲದಕ್ಕೂ ಹೂಂ ಎಂದರು.

"ತಪ್ಪಾದ್ರೆ?" ಎಂದರು.

"ತಪ್ಪಾದ್ರೆ ಇನ್ನೊಂದು ಹನಿ. ಏನಾಗಾಕಿಲ್ಲ."

ತಲೆ ಹಿಂದಕ್ಕೆ ಹಾಕಿದರು. ಎಳೆ ಹುಡುಕುತ್ತಿದ್ದ ಆ ಬೆರಳುಗಳಿಂದ ಕೆಳರೆಪ್ಪೆ ಎಳೆದರು. ಬಾಟ್ಲಿ ಒತ್ತಿದರು. ಹನಿ ಕಣ್ಣಿಗೆ ಬೀಳದೆ ಕೆನ್ನೆಯ ಮೇಲೆ ಬಿತ್ತು. ಅವರು ಬೆಚ್ಚಿ, ಕೆನ್ನೆ ಒರೆಸಿಕೊಳ್ಳುವ ಮೊದಲು ನನ್ನ ಮುಖ ನೋಡಿದರು.